ನಿಮ್ಮ ಶೆಲ್ ಚೊಕ್ಕವಾಗಿದೆಯಾ?

ಕೆಲವು ವರ್ಷಗಳ ಹಿಂದಿನ ಮಾತು. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಅದರ ಪಠ್ಯ ತಿದ್ದಿ ಇಡುವ ಒಂದು ಚಿಕ್ಕ ಕಚೇರಿಯಲ್ಲಿ ಕೆಲಸಕ್ಕಿದ್ದೆ, ಮೈಸೂರಿನಲ್ಲಿ. ದಿನವಿಡೀ ತಿದ್ದಿದ ಫೈಲುಗಳು ಸರ್ವರಿನಲ್ಲಿ ಇರುತ್ತಿದ್ದವು. ರಾತ್ರಿ ಹನ್ನೊಂದಕ್ಕೆ ಅವೆಲ್ಲ ಇನ್ನೊಂದು ಯಂತ್ರಕ್ಕೆ ತಾವಾಗಿಯೇ ನಕಲಾಗುತ್ತಿದ್ದವು. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಮೂರು ರಾತ್ರಿಯಿಂದ ನಕಲೇ ಆಗಿಲ್ಲ. ಲಾಗ್ ತೆರೆದೆ. ನಕಲು ಮಾಡುವ ಪ್ರೋಗ್ರಾಂ ಆರ್‌ಸಿಂಕ್ ಒಂದೇ ಸಾಲು ಬರೆದಿಟ್ಟಿತ್ತು. ಪ್ರೊಟೊಕಾಲ್ ಆವೃತ್ತಿ ತಾಳೆಯಾಗುತ್ತಿಲ್ಲ, ನಿಮ್ಮ ಶೆಲ್ ಚೊಕ್ಕವಾಗಿದೆಯಾ ಎಂದು ಅದರ ಅರ್ಥ. ಶೆಲ್ ಅಂದರೆ ನಾವು ಟೈಪ್ ಮಾಡಿದ ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಂ.

ಆವೃತ್ತಿ ಅಂದಿದೆಯಲ್ಲ ಎಂದು ಎರಡೂ ಕಡೆಯ ಆರ್‌ಸಿಂಕ್ ಆವೃತ್ತಿ ನೋಡಿದೆ. ಎರಡೂ ಒಂದೇ. ಅರ್ಧ ದಿನ ಹೋಯಿತು. ಕೊನೆಗೆ ಸರ್ವರ್ ನೋಡಿಕೊಳ್ಳುತ್ತಿದ್ದ ಮೇಡಂ ಹತ್ತಿರ ಹೋದೆ. ಅವರು ನನ್ನ ಸ್ಕ್ರೀನ್ ಕಡೆ ನೋಡಲೂ ಇಲ್ಲ.

"ಲಾಗಿನ್ ಆದ ತಕ್ಷಣ ನಿಮ್ಮ ಶೆಲ್ ಏನಾದ್ರೂ ಮಾತಾಡುತ್ತಾ?"

"ಹೌದು ಮೇಡಂ. ಒಂದು ಗಾದೆ ಹೇಳುತ್ತೆ."

"ಅದನ್ನ ತೆಗೀರಿ. ಯಂತ್ರಕ್ಕೆ ಗಾದೆ ಬೇಡ."

ಅಜ್ಜಿ ಹೇಳುತ್ತಿದ್ದ ಗಾದೆಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡಿದ್ದೆ. ಟರ್ಮಿನಲ್ ತೆರೆದಾಗಲೆಲ್ಲ ಅದರಿಂದ ಒಂದು ಗಾದೆ ಬರಲಿ ಎಂದು ಹಿಂದಿನ ಶುಕ್ರವಾರ, ನನ್ನ ಶೆಲ್ ಆದ ಬ್ಯಾಶ್ ಶುರುವಾಗುವಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನ ತಲೆಗೇ ಒಂದು ಸಾಲು ಸೇರಿಸಿದ್ದೆ. ಆರ್‌ಸಿಂಕ್ ಇನ್ನೊಂದು ಯಂತ್ರಕ್ಕೆ ಹೋಗುವುದು, ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ದಾರಿಯಲ್ಲಿ. ಆ ಕಡೆ ಬಾಗಿಲು ತೆರೆಯುವುದು ಶೆಲ್. ಎಸ್‌ಎಸ್‌ಎಚ್ ಕರೆದಾಗ ಎದುರಿಗೆ ಮನುಷ್ಯ ಇಲ್ಲದಿದ್ದರೂ ಬ್ಯಾಶ್ ಈ ಫೈಲನ್ನು ಓದುತ್ತದೆ. ಓದಿತು, ಗಾದೆ ಹೇಳಿತು. ಆರ್‌ಸಿಂಕ್ ಕಾಯುತ್ತಿದ್ದದ್ದು ಆ ಕಡೆಯ ಆವೃತ್ತಿ ಸಂಖ್ಯೆಗೆ. ಬಂದದ್ದು ಅಜ್ಜಿಯ ಮಾತು.

ಉಬುಂಟುವಿನ ಬ್ಯಾಶ್‌ಆರ್‌ಸಿ ಫೈಲಿನ ಶುರುವಿನಲ್ಲೇ ಒಂದು ಚಿಕ್ಕ ಪರೀಕ್ಷೆ ಇರುತ್ತದೆ. ಕೀಬೋರ್ಡಿನ ಮುಂದೆ ಯಾರೂ ಕೂತಿಲ್ಲದಿದ್ದರೆ ಇಲ್ಲಿಂದಲೇ ವಾಪಸ್ ಹೋಗು ಎನ್ನುವ ಪರೀಕ್ಷೆ. ಅದು ಯಾಕೆ ಇದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಸಾಲನ್ನು ಅದಕ್ಕಿಂತ ಮೇಲೆ ಬರೆದಿದ್ದೆ.

ಆ ದಿನದಿಂದ ನನ್ನ ಶೆಲ್ಲನ್ನು ನಾನು ನೋಡುವ ರೀತಿ ಬದಲಾಯಿತು. ಅಲ್ಲಿಯವರೆಗೆ ಅದು ನನ್ನ ಸ್ವಂತ ಕೋಣೆ, ಏನು ಬೇಕಾದರೂ ತಂದಿಡಬಹುದು ಎಂದುಕೊಂಡಿದ್ದೆ. ಆದರೆ ಆ ಬಾಗಿಲಿಂದ ನಾನೊಬ್ಬನೇ ಓಡಾಡುವುದಿಲ್ಲ. ಎಡಿಟರ್ ಓಡಾಡುತ್ತದೆ, ಬ್ಯಾಕಪ್ ಓಡಾಡುತ್ತದೆ, ರಾತ್ರಿ ನಡೆಯುವ ಸ್ಕ್ರಿಪ್ಟುಗಳು ಓಡಾಡುತ್ತವೆ. ಅಲ್ಲಿ ಏನಿಟ್ಟರೂ ಯಾಕಿಟ್ಟೆ ಎಂದು ನನಗೆ ಗೊತ್ತಿರಬೇಕು.

ಈ ಫೈಲುಗಳ ಹೆಸರಿನ ಕೊನೆಯಲ್ಲಿ ಬರುವ ಆರ್‌ಸಿ ಎಂಬ ಎರಡಕ್ಷರಕ್ಕೂ ಒಂದು ಹಳೆಯ ಕಥೆ ಇದೆ. 1960ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಇತ್ತು. ಅಲ್ಲಿ ಲೂಯಿ ಪೂಜಾಂ ಎಂಬ ಫ್ರಾನ್ಸಿನ ಎಂಜಿನಿಯರ್ ರನ್‌ಕಾಮ್ ಎಂಬ ಪ್ರೋಗ್ರಾಂ ಬರೆದರು. ಪದೇಪದೇ ಟೈಪ್ ಮಾಡುವ ಕಮಾಂಡುಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟರೆ ಅದು ಒಂದೊಂದಾಗಿ ನಡೆಸುತ್ತಿತ್ತು. ಆ ರನ್‌ಕಾಮ್‌ನ ನೆನಪೇ ಇವತ್ತಿನ ಆರ್‌ಸಿ. ಶೆಲ್ ಎಂಬ ಹೆಸರು ಕೊಟ್ಟವರೂ ಅವರೇ. ನನಗೆ ಇದು ಬಹಳ ಇಷ್ಟದ ಸಂಗತಿ. ಮತ್ತೆ ಮತ್ತೆ ಮಾಡುವ ಕೆಲಸಕ್ಕೆ ಒಂದು ಹೆಸರಿಟ್ಟು, ಆ ಹೆಸರು ಕರೆದರೆ ಕೆಲಸ ಆಗಬೇಕು. ಅಷ್ಟೇ ಆಸೆ. ಅರವತ್ತು ವರ್ಷದ ನಂತರವೂ ನಾವು ಮಾಡುತ್ತಿರುವುದು ಅದನ್ನೇ ಅಲ್ವಾ?

ಮೈಸೂರು ಬಿಟ್ಟ ಮೇಲೆ ನಾನು ಬ್ಯಾಶ್ ಬಿಟ್ಟು ಝಡ್‌ಶೆಲ್ ಎಂಬ ಇನ್ನೊಂದು ಶೆಲ್ಲಿಗೆ ಬಂದೆ. 1990ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಓದುತ್ತಿದ್ದ ಪಾಲ್ ಫಾಲ್‌ಸ್ಟಾಡ್ ಇದರ ಮೊದಲ ಆವೃತ್ತಿ ಬರೆದದ್ದು. ಅಲ್ಲಿ ಪಾಠಕ್ಕೆ ಸಹಾಯಕರಾಗಿದ್ದ ಝಾಂಗ್ ಶಾವ್ ಅವರ ಲಾಗಿನ್ ಹೆಸರು ಝಡ್‌ಎಸ್‌ಎಚ್ ಎಂದಿತ್ತು. ಶೆಲ್ಲಿಗೆ ಹೇಳಿ ಮಾಡಿಸಿದ ಹೆಸರು ಎಂದು ಅದನ್ನೇ ಇಟ್ಟುಬಿಟ್ಟರು. 2019ರಲ್ಲಿ ಆ್ಯಪಲ್ ತನ್ನ ಮ್ಯಾಕ್‌ಗಳಲ್ಲಿ ಬ್ಯಾಶ್ ಜಾಗಕ್ಕೆ ಇದನ್ನು ತಂದಿತು. ನಾನು ಬದಲಾದದ್ದೂ ಆ ಹೊತ್ತಿಗೇ.

ಬದಲಾದವರೆಲ್ಲ ಮೊದಲು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಓ ಮೈ ಝಡ್‌ಶೆಲ್ ಹಾಕಿಕೊಂಡೆ. ರಾಬಿ ರಸೆಲ್ 2009ರಲ್ಲಿ ಶುರು ಮಾಡಿದ ಈ ಯೋಜನೆಯಲ್ಲಿ ಈಗ 300ಕ್ಕೂ ಜಾಸ್ತಿ ಪ್ಲಗಿನ್‌ಗಳಿವೆ, ಅಂದರೆ ಶೆಲ್ಲಿಗೆ ಹೊಸ ಕೆಲಸ ಕಲಿಸುವ ಪುಟ್ಟ ತುಣುಕುಗಳು. ಎಷ್ಟೋ ಜನ ತಮ್ಮ ಬಿಡುವಿನ ಸಮಯ ಕೊಟ್ಟು ಬರೆದದ್ದು. ಅವರ ಋಣ ನನ್ನ ಮೇಲಿದೆ. ಟ್ಯಾಬ್ ಒತ್ತಿದರೆ, ಫೈಲುಗಳ ಬದಲಾವಣೆಯ ಲೆಕ್ಕ ಇಡುವ ಜಿಟ್‌ನಲ್ಲಿ ಬ್ರಾಂಚಿನ ಹೆಸರು ತಾನೇ ತುಂಬಿಕೊಳ್ಳುತ್ತದೆ ಎಂದು ನಾನು ಕಲಿತದ್ದೇ ಅಲ್ಲಿ. ಆದರೆ ಪ್ಲಗಿನ್ ಸೇರಿಸುವುದು ಎಷ್ಟು ಸುಲಭ ಅಂದರೆ, ಒಂದು ಪಟ್ಟಿಗೆ ಒಂದು ಪದ ಬರೆದರೆ ಮುಗಿಯಿತು. ತೆಗೆಯಬೇಕು ಎಂದು ಯಾವತ್ತೂ ಅನಿಸುವುದಿಲ್ಲ, ಯಾಕೆಂದರೆ ಅದು ಏನು ಮಾಡುತ್ತಿದೆ ಎಂದು ಕಣ್ಣಿಗೆ ಕಾಣುವುದೇ ಇಲ್ಲ. ಡಾಕರ್ ಕಲಿತೆ, ಒಂದು ಪ್ಲಗಿನ್. ಕೆಲಸ ಬದಲಾಯಿತು, ಮೂರು ಪ್ಲಗಿನ್. ಯಾವುದೋ ಸಲಕರಣೆ ಹಾಕಿದರೆ ಅದರ ಇನ್‌ಸ್ಟಾಲರ್ ನನ್ನನ್ನು ಕೇಳದೆ ಆರ್‌ಸಿ ಫೈಲಿನ ಕೊನೆಗೆ ನಾಲ್ಕು ಸಾಲು ಅಂಟಿಸಿ ಹೋಗುತ್ತಿತ್ತು.

ಹೀಗೆ ನಾಲ್ಕು ವರ್ಷ. ಹೊಸ ಟರ್ಮಿನಲ್ ತೆರೆದರೆ ಮಿನುಗುವ ಕರ್ಸರ್ ಬರಲು ಸುಮಾರು ಮೂರು ಸೆಕೆಂಡ್ ಬೇಕಾಗುತ್ತಿತ್ತು. ಮೂರು ಸೆಕೆಂಡ್ ಏನು ಮಹಾ ಅನಿಸಬಹುದು. ದಿನಕ್ಕೆ ನಲವತ್ತು ಸಲ ಟರ್ಮಿನಲ್ ತೆರೆಯುವವರಿಗೆ ಅದು ಮಹಾ. ಆ ಮೂರು ಸೆಕೆಂಡಿನಲ್ಲಿ ಮನಸ್ಸು ಬೇರೆ ಕಡೆ ಹೋಗುತ್ತದೆ, ಕೈ ಫೋನಿಗೆ ಹೋಗುತ್ತದೆ, ಏನು ಮಾಡಲು ತೆರೆದೆ ಎಂಬುದೇ ಮರೆತುಹೋಗುತ್ತದೆ.

ಒಂದು ಭಾನುವಾರ ಕೂತು ಅಳೆದೆ. ಮೊದಲು ಎಫ್ ಎಂಬ ಗುರುತು ಕೊಟ್ಟು ಖಾಲಿ ಝಡ್‌ಶೆಲ್ ತೆರೆದೆ. ಹಾಗೆ ತೆರೆದರೆ ಅದು ನಮ್ಮ ಆರ್‌ಸಿ ಫೈಲುಗಳನ್ನು ಮುಟ್ಟುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಬಂತು. ಅಂದರೆ ತಪ್ಪು ಶೆಲ್ಲಿನದ್ದಲ್ಲ, ನಾನು ಹೇರಿದ ಹೊರೆಯದ್ದು. ಝಡ್‌ಶೆಲ್ ಜೊತೆಯಲ್ಲೇ ಝಡ್‌ಪ್ರೊಫ್ ಎಂಬ ಅಳತೆಯ ಮಾಡ್ಯೂಲ್ ಬರುತ್ತದೆ. ಆರ್‌ಸಿ ಫೈಲಿನ ಮೊದಲ ಸಾಲಿನಲ್ಲಿ ಅದನ್ನು ಲೋಡ್ ಮಾಡಿ, ಕೊನೆಯ ಸಾಲಿನಲ್ಲಿ ಅದರ ಹೆಸರು ಕರೆದರೆ ಯಾವ ಫಂಕ್ಷನ್ (ಹೆಸರಿಟ್ಟ ಕಮಾಂಡುಗಳ ಗುಂಪು) ಎಷ್ಟು ಹೊತ್ತು ತಿಂದಿತು ಎಂದು ಪಟ್ಟಿ ಕೊಡುತ್ತದೆ. ನಿಮ್ಮ ಟರ್ಮಿನಲ್ ನಿಧಾನ ಅನಿಸಿದರೆ ಊಹೆ ಮಾಡುತ್ತಾ ಕೂರಬೇಡಿ, ಮೊದಲು ಇದನ್ನು ಮಾಡಿ. ನನ್ನ ಊಹೆಗಳೆಲ್ಲ ತಪ್ಪಾಗಿದ್ದವು. ಬಣ್ಣಬಣ್ಣದ ಪ್ರಾಂಪ್ಟೇ ಭಾರ ಎಂದುಕೊಂಡಿದ್ದೆ. ಅದರದ್ದು ತೀರಾ ಚಿಕ್ಕ ಪಾಲು.

ದೊಡ್ಡ ಪಾಲು ಎರಡು ಕಡೆ ಇತ್ತು. ಒಂದು, ಟ್ಯಾಬ್ ಒತ್ತಿದಾಗ ಪದ ತುಂಬುವ ವ್ಯವಸ್ಥೆ. ಕಾಂಪ್‌ಇನಿಟ್ ಎಂಬ ಫಂಕ್ಷನ್ ಇದನ್ನು ಎಬ್ಬಿಸುತ್ತದೆ. ಯಾವ್ಯಾವ ಕಮಾಂಡಿಗೆ ಏನು ತುಂಬಬೇಕು ಎಂಬ ನೂರಾರು ಫೈಲುಗಳನ್ನು ಹುಡುಕಿ, ಆ ಫೈಲುಗಳನ್ನು ಬೇರೆಯವರು ತಿದ್ದಲು ಸಾಧ್ಯವೇ ಎಂದೂ ಪರೀಕ್ಷಿಸುತ್ತದೆ. ಒಂದು ಸಲ ನಡೆದರೆ ಸಾಕು. ನನ್ನಲ್ಲಿ ಮೂರು ಸಲ ನಡೆಯುತ್ತಿತ್ತು. ಆ ಇನ್‌ಸ್ಟಾಲರ್‌ಗಳು ಅಂಟಿಸಿಹೋದ ಸಾಲುಗಳಲ್ಲಿ ಎರಡು ಕಡೆ ಇದೇ ಕರೆ ಇತ್ತು. ಎರಡನೆಯದು, ಜಾವಾಸ್ಕ್ರಿಪ್ಟ್ ನಡೆಸುವ ನೋಡ್ ಎಂಬ ಪ್ರೋಗ್ರಾಂನ ಆವೃತ್ತಿ ಬದಲಿಸುವ ಒಂದು ಸಲಕರಣೆ. ನಾನು ಅದನ್ನು ಮುಟ್ಟುವುದು ತಿಂಗಳಿಗೆ ಒಂದೋ ಎರಡೋ ಸಲ. ಅದು ಮಾತ್ರ ಪ್ರತಿ ಟರ್ಮಿನಲ್ಲಿನಲ್ಲೂ ಎದ್ದು ಕೂರುತ್ತಿತ್ತು.

ಕಾಂಪ್‌ಇನಿಟ್ ಸರಿ ಮಾಡಲು ಎರಡು ನಿಮಿಷ ಸಾಕಾಯಿತು. ನೋಡ್ ವಿಷಯದಲ್ಲಿ ಮಾತ್ರ ಒಂದು ಪಾಠ ಕಲಿತೆ. ಇಂಥದ್ದಕ್ಕೆ ಎಲ್ಲರೂ ಹೇಳುವ ಉಪಾಯ ಹೀಗಿದೆ. ಅದೇ ಹೆಸರಿನ ಒಂದು ಪುಟ್ಟ ಫಂಕ್ಷನ್ ಬರೆಯುವುದು. ಮೊದಲ ಸಲ ಕರೆದಾಗ ಅದು ತನ್ನನ್ನು ತಾನು ಅಳಿಸಿಕೊಂಡು, ನಿಜವಾದ ಸಲಕರಣೆಯನ್ನು ಲೋಡ್ ಮಾಡಿ, ನಾವು ಕೊಟ್ಟ ಪದಗಳನ್ನೆಲ್ಲ ಅದಕ್ಕೆ ದಾಟಿಸುತ್ತದೆ. ಕರೆಯುವವರೆಗೆ ಯಾವ ಖರ್ಚೂ ಇಲ್ಲ. ನಾನು ನೋಡ್ ಎಂಬ ಹೆಸರಿಗೂ ಅದರ ಜೊತೆಯ ಹೆಸರುಗಳಿಗೂ ಹೀಗೇ ಮಾಡಿದೆ. ಟರ್ಮಿನಲ್ ಚುರುಕಾಯಿತು. ಮರುದಿನ ತಿದ್ದಿದ್ದನ್ನು ದಾಖಲಿಸಲು ಜಿಟ್ ಕಮಿಟ್ ಮಾಡಹೋದರೆ ನೋಡ್ ಸಿಗುತ್ತಿಲ್ಲ ಎಂದು ನಿಂತುಬಿಟ್ಟಿತು.

ಕಾರಣ ಸರಳ. ಫಂಕ್ಷನ್ ಇರುವುದು ನನ್ನ ಮುಂದಿನ ಶೆಲ್ಲಿನೊಳಗೆ ಮಾತ್ರ. ಕಮಿಟ್‌ಗೆ ಮೊದಲು ಜಿಟ್ ಓಡಿಸುವ ಹುಕ್ ಬೇರೆಯೇ ಪ್ರೋಗ್ರಾಂ. ಅದು ಪಾತ್ ಪಟ್ಟಿಯಲ್ಲಿರುವ ಫೋಲ್ಡರುಗಳಲ್ಲಿ ನೋಡ್ ಎಂಬ ಫೈಲು ಹುಡುಕುತ್ತದೆ. ನನ್ನ ಫಂಕ್ಷನ್ ಅದಕ್ಕೆ ಕಾಣುವುದಿಲ್ಲ. ಮತ್ತೆ ಅದೇ ಮೈಸೂರಿನ ಪಾಠ. ನಾನು ನೋಡುವ ಶೆಲ್ ಬೇರೆ, ಯಂತ್ರಗಳು ನೋಡುವ ಶೆಲ್ ಬೇರೆ. ಈಗ ನಾನು ದಿನವೂ ಬಳಸುವ ನೋಡ್ ಆವೃತ್ತಿಯ ಫೋಲ್ಡರನ್ನು ನೇರವಾಗಿ ಪಾತ್ ಪಟ್ಟಿಯಲ್ಲಿಟ್ಟಿದ್ದೇನೆ. ಆವೃತ್ತಿ ಬದಲಿಸುವ ಕಮಾಂಡ್ ಒಂದನ್ನು ಮಾತ್ರ ಕರೆದಾಗ ಬರುವ ಹಾಗೆ ಮಾಡಿದ್ದೇನೆ. ಪ್ರೋಗ್ರಾಂಗಳಿಗೆ ಬೇಕಾದದ್ದು ಪಾತ್‌ನಲ್ಲಿ, ನನಗೊಬ್ಬನಿಗೇ ಬೇಕಾದದ್ದು ಫಂಕ್ಷನ್ನಿನಲ್ಲಿ.

ಅದೇ ಭಾನುವಾರ ಪ್ಲಗಿನ್ ಪಟ್ಟಿಯನ್ನೂ ಒಡೆದು ಹಾಕಿದೆ. ನಮ್ಮಮ್ಮನ ಅಡುಗೆಮನೆಯಲ್ಲಿ ಒಲೆ ಪಕ್ಕ ಒಂದು ಒಗ್ಗರಣೆ ಡಬ್ಬಿ ಇರುತ್ತದೆ. ಸಾಸಿವೆ, ಜೀರಿಗೆ, ಉದ್ದಿನಬೇಳೆ, ಮೆಂತ್ಯ, ಅರಿಶಿನ. ಅಷ್ಟೇ. ಗಸಗಸೆ, ಮರಾಠಿ ಮೊಗ್ಗು, ಕಲ್ಲುಹೂವು ಎಲ್ಲ ಮೇಲಿನ ಗೂಡಿನಲ್ಲಿ, ಹೆಸರು ಬರೆದ ಡಬ್ಬಿಗಳಲ್ಲಿ. ಹಬ್ಬಕ್ಕೆ ಇಳಿಯುತ್ತವೆ, ಮತ್ತೆ ಮೇಲೇರುತ್ತವೆ. ನಾನೂ ಎರಡು ಫೋಲ್ಡರ್ ಮಾಡಿದೆ. ಒಂದರಲ್ಲಿ ನನ್ನ ಹತ್ತಿರ ಇರುವುದೆಲ್ಲ, ಒಂದೊಂದು ಪ್ಲಗಿನ್ನಿಗೆ ಒಂದೊಂದು ಫೈಲು. ಇನ್ನೊಂದರಲ್ಲಿ ಈಗ ಬೇಕಾದವುಗಳಿಗೆ ಸಿಮ್‌ಲಿಂಕ್ ಮಾತ್ರ, ಅಂದರೆ ಅಸಲಿ ಫೈಲಿನ ಕಡೆ ಕೈತೋರಿಸುವ ಗುರುತು. ಆರ್‌ಸಿ ಫೈಲು ಎರಡನೆಯ ಫೋಲ್ಡರಿನಲ್ಲಿರುವುದನ್ನು ಮಾತ್ರ ಸಾಲಾಗಿ ಓದುತ್ತದೆ. ಒಂದು ಬೇಡವಾದರೆ ಆ ಲಿಂಕ್ ತೆಗೆದರಾಯಿತು, ಫೈಲು ಎಲ್ಲೂ ಹೋಗುವುದಿಲ್ಲ.

ಈ ಉಪಾಯ ನನ್ನದಲ್ಲ. ಡೆಬಿಯನ್ ಲಿನಕ್ಸ್‌ನಲ್ಲಿ ಅಪಾಚೆ ವೆಬ್ ಸರ್ವರಿನ ಮಾಡ್ಯೂಲುಗಳನ್ನು ಇಡುವುದು ಹೀಗೆಯೇ, ಇರುವುದು ಒಂದು ಕಡೆ, ನಡೆಯುತ್ತಿರುವುದು ಇನ್ನೊಂದು ಕಡೆ. ಬ್ಯಾಶ್-ಇಟ್ ಎಂಬ ಯೋಜನೆ ಇದೇ ಪದ್ಧತಿಯನ್ನು ಶೆಲ್ಲಿಗೆ ತಂದಿದೆ. ಅಲ್ಲಿ ಪ್ಲಗಿನ್, ಅಲಿಯಾಸ್ (ಕಮಾಂಡಿಗೆ ಇಡುವ ಅಡ್ಡಹೆಸರು), ಟ್ಯಾಬ್ ಪೂರಣ ಮೂರನ್ನೂ ಬೇರೆ ಬೇರೆ ಇಟ್ಟು, ಬೇಕಾದದ್ದನ್ನು ಹಚ್ಚುವ, ಬೇಡದ್ದನ್ನು ನಂದಿಸುವ ಕಮಾಂಡೇ ಇದೆ. ನನ್ನದು ಅಷ್ಟು ದೊಡ್ಡದಲ್ಲ, ಐದು ಸಾಲಿನ ಲೂಪ್.

ಲಿಂಕಿನ ಹೆಸರಿನ ಮುಂದೆ ಎರಡಂಕಿಯ ಸಂಖ್ಯೆ ಇಟ್ಟೆ. 10, 20, 50, 90. ಶೆಲ್ ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ಓದುತ್ತದೆ, ಹಾಗಾಗಿ ಸಂಖ್ಯೆಯೇ ಸರದಿ. ಸರದಿ ಮುಖ್ಯ. ಟ್ಯಾಬ್ ಪೂರಣದ ಫೈಲುಗಳ ಜಾಗವನ್ನು ಎಫ್‌ಪಾತ್‌ಗೆ (ಫಂಕ್ಷನ್ ಫೈಲುಗಳನ್ನು ಝಡ್‌ಶೆಲ್ ಹುಡುಕುವ ಫೋಲ್ಡರುಗಳ ಪಟ್ಟಿ) ಸೇರಿಸುವುದು ಕಾಂಪ್‌ಇನಿಟ್‌ಗಿಂತ ಮೊದಲು ಆಗಬೇಕು, ತಡವಾದರೆ ಅದು ಅವನ್ನು ನೋಡುವುದೇ ಇಲ್ಲ. ಟೈಪ್ ಮಾಡುವಾಗಲೇ ಕಮಾಂಡಿಗೆ ಬಣ್ಣ ಹಚ್ಚುವ ಪ್ಲಗಿನ್ ಇದೆಯಲ್ಲ, ಅದನ್ನು ಎಲ್ಲಕ್ಕಿಂತ ಕೊನೆಗೆ ಲೋಡ್ ಮಾಡಿ ಎಂದು ಅದನ್ನು ಬರೆದವರೇ ಹೇಳುತ್ತಾರೆ. ಅದು ಕೀಬೋರ್ಡ್ ಒತ್ತಿದಾಗ ನಡೆಯಬೇಕು ಎಂದು ಅಲ್ಲಿಯವರೆಗೆ ಬಂದ ಕೆಲಸಗಳನ್ನೆಲ್ಲ ಸುತ್ತಿ ಹಿಡಿದುಕೊಳ್ಳುತ್ತದೆ, ಆಮೇಲೆ ಬಂದದ್ದು ಅದರ ಕೈಗೆ ಸಿಗುವುದಿಲ್ಲ. ಅದಕ್ಕೇ 90. ಇನ್ನೊಂದು ಚಿಕ್ಕ ಸಂಗತಿ, ಒಂದು ಸಂಜೆ ತಿಂದದ್ದು. ಫೋಲ್ಡರ್ ಖಾಲಿ ಇದ್ದರೆ ಝಡ್‌ಶೆಲ್ ಏನೂ ಸಿಗಲಿಲ್ಲ ಎಂದು ದೋಷ ತೋರಿಸಿ ಅಲ್ಲೇ ನಿಲ್ಲುತ್ತದೆ. ನಕ್ಷತ್ರದ ಗುರುತಿನ ಪಕ್ಕ ಕಂಸದೊಳಗೆ ದೊಡ್ಡ ಎನ್ ಅಕ್ಷರ ಬರೆದರೆ, ಸಿಗದಿದ್ದರೆ ಸುಮ್ನೆ ಮುಂದೆ ಹೋಗುತ್ತದೆ.

ಪ್ರತಿ ಪ್ಲಗಿನ್ ಫೈಲಿನ ಮೊದಲ ಸಾಲು ಒಂದು ಪ್ರಶ್ನೆ. ಇದಕ್ಕೆ ಬೇಕಾದ ಪ್ರೋಗ್ರಾಂ ಈ ಯಂತ್ರದಲ್ಲಿ ಇದೆಯಾ? ಇಲ್ಲದಿದ್ದರೆ ಸದ್ದಿಲ್ಲದೆ ವಾಪಸ್. ಹೀಗಾಗಿ ಅದೇ ಫೋಲ್ಡರನ್ನು ಮನೆಯ ಲ್ಯಾಪ್‌ಟಾಪಿಗೂ ಕಚೇರಿಯ ಯಂತ್ರಕ್ಕೂ ಹಾಕಬಹುದು. ಡಾಕರ್ ಇಲ್ಲದ ಕಡೆ ಡಾಕರ್ ಪ್ಲಗಿನ್ ಗೊಣಗುವುದಿಲ್ಲ.

ಬೇರೆಯವರ ಪ್ಲಗಿನ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಪ್ಲಗಿನ್ ಅಂದರೆ ನಮ್ಮ ಹೆಸರಿನಲ್ಲಿ, ನಮ್ಮ ಅಧಿಕಾರದಲ್ಲಿ ನಡೆಯುವ ಇನ್ನೊಬ್ಬರ ಕೋಡ್. ನಮ್ಮ ಎಸ್‌ಎಸ್‌ಎಚ್ ಕೀಲಿಗಳಿರುವ ಫೋಲ್ಡರನ್ನು ನಾವು ಓದಬಹುದಾದರೆ ಅದೂ ಓದಬಹುದು. ತಾನಾಗಿ ಅಪ್‌ಡೇಟ್ ಆಗುವ ವ್ಯವಸ್ಥೆಯನ್ನು ನಾನು ನಿಲ್ಲಿಸಿದ್ದೇನೆ. ಒಂದು ಕಮಿಟ್‌ಗೆ ಗಂಟು ಹಾಕಿ ಇಡುತ್ತೇನೆ. ಹೊಸದು ಬೇಕಾದಾಗ ಏನು ಬದಲಾಗಿದೆ ಎಂದು ಓದಿ ತರುತ್ತೇನೆ. ಓದಲು ಆಗದಷ್ಟು ದೊಡ್ಡದಾದರೆ ಅದು ನನಗೆ ಬೇಡ. ಹೀಗೆ ನೋಡುತ್ತಾ ಹೋದಾಗ ಇಪ್ಪತ್ತಮೂರು ಪ್ಲಗಿನ್‌ಗಳಲ್ಲಿ ಆರು ಉಳಿದವು.

ಅಲಿಯಾಸ್‌ಗಳ ಬಗ್ಗೆ ಮೇಡಂ ಹೇಳಿದ್ದ ಒಂದು ಮಾತನ್ನು ನಾನು ತಡವಾಗಿ ಒಪ್ಪಿಕೊಂಡೆ. ಹಳೆಯ ಹೆಸರಿಗೆ ಹೊಸ ನಡತೆ ಕೊಡಬೇಡಿ, ಬೇಕಾದರೆ ಹೊಸ ಹೆಸರಿಡಿ ಎನ್ನುತ್ತಿದ್ದರು. ಅಳಿಸುವ ಕಮಾಂಡ್ ಆರ್‌ಎಂಗೆ, ಕೇಳಿಯೇ ಅಳಿಸು ಎಂಬ ಅಲಿಯಾಸ್ ನನ್ನಲ್ಲಿತ್ತು. ಕೇಳುತ್ತದಲ್ಲ ಎಂಬ ಧೈರ್ಯದಲ್ಲಿ ಕೈ ಸಡಿಲವಾಯಿತು. ಆ ಅಲಿಯಾಸ್ ಇಲ್ಲದ ಬೇರೆ ಯಂತ್ರದಲ್ಲಿ ಅದೇ ಸಡಿಲ ಕೈಯಿಂದ ಟೈಪ್ ಮಾಡಿದೆ. ಅದು ಕೇಳಲಿಲ್ಲ. ಎರಡು ದಿನ ತಿದ್ದಿದ ಒಂದು ಅಧ್ಯಾಯ ಹೋಯಿತು. ಹಾಗೆಯೇ ಜಿಟ್ ಸ್ಟೇಟಸ್‌ಗೆ ಜಿಎಸ್ ಎಂದು ಅಲಿಯಾಸ್ ಇಟ್ಟಿದ್ದೆ. ಪಿಡಿಎಫ್ ಕೆಲಸಕ್ಕೆ ಬಳಸುವ ಘೋಸ್ಟ್‌ಸ್ಕ್ರಿಪ್ಟ್‌ನ ಕಮಾಂಡ್ ಹೆಸರೂ ಜಿಎಸ್. ಪುಸ್ತಕದ ಕೆಲಸ ಮಾಡುವವನಿಗೆ ಎರಡೂ ಬೇಕು. ಓ ಮೈ ಝಡ್‌ಶೆಲ್‌ನವರು ಅದಕ್ಕೆ ಜಿಎಸ್‌ಟಿ ಎಂದು ಮೂರಕ್ಷರ ಇಟ್ಟಿದ್ದಾರೆ, ಅದೇ ವಾಸಿ. ಒಂದು ಹೆಸರು ಅಲಿಯಾಸೋ, ಫಂಕ್ಷನ್ನೋ, ಫೈಲೋ ಎಂಬ ಅನುಮಾನ ಬಂದರೆ ಟೈಪ್ ಎಂಬ ಕಮಾಂಡ್ ಕೇಳಿ, ಅದು ಹೇಳುತ್ತದೆ.

ಇನ್ನು ನನ್ನ ಸ್ವಂತ ಫಂಕ್ಷನ್‌ಗಳು. ಇವುಗಳ ಮೇಲೆ ನನಗೆ ಪ್ರೀತಿ ಜಾಸ್ತಿ, ಮುಚ್ಚಿಡುವುದೇಕೆ. ಇವು ಕೆಲಸದಿಂದಲೇ ಹುಟ್ಟಿದವು. ಕನ್ನಡ ಪಠ್ಯದ ಜೊತೆ ಬದುಕುವವರಿಗೆ ಟರ್ಮಿನಲ್ ತುಸು ಒರಟು ಜಾಗ. ಕನ್ನಡ ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಎಣಿಸುವ ಕಮಾಂಡ್ ಡಬ್ಲ್ಯೂಸಿಯನ್ನು ಬೈಟ್ ಎಷ್ಟು ಎಂದು ಕೇಳಿದರೆ 15 ಎನ್ನುತ್ತದೆ, ಕ್ಯಾರೆಕ್ಟರ್ ಎಷ್ಟು ಎಂದರೆ 5 ಎನ್ನುತ್ತದೆ. ಎರಡೂ ಸರಿ. ಯೂನಿಕೋಡಿನಲ್ಲಿ ಅದು ಕ, ನ, ಹಲಂತ, ನ, ಡ ಎಂಬ ಐದು ಸಂಕೇತ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದಕ್ಕೂ ಮೂರು ಬೈಟ್. ಆದರೆ ಪದ್ಯದ ಸಾಲಿನಲ್ಲಿ ಅಕ್ಷರ ಎಣಿಸುವವರಿಗೆ ಬೇಕಾದದ್ದು ಮೂರು. ಹಲಂತ ಮತ್ತು ಅದರ ನಂತರವೇ ಬರುವ ವ್ಯಂಜನವನ್ನು ತೆಗೆದು, ಕಾಗುಣಿತದ ಗುರುತುಗಳನ್ನು ಬಿಟ್ಟು, ಉಳಿದದ್ದನ್ನು ಎಣಿಸುವ ಎಂಟು ಸಾಲಿನ ಫಂಕ್ಷನ್ ಬರೆದುಕೊಂಡೆ. ಇದಕ್ಕೆ ಯಾರೂ ಪ್ಲಗಿನ್ ಮಾಡಿರಲಿಲ್ಲ.

ಇನ್ನೊಂದು, ಕಾಣದ ಅಕ್ಷರಗಳನ್ನು ತೋರಿಸುವ ಫಂಕ್ಷನ್. ರಾಜ್‌ಕುಮಾರ್ ಎಂದು ಬರೆಯುವಾಗ ಜ ಮತ್ತು ಕ ಒತ್ತಾಗಿ ಸೇರಬಾರದು ಎಂದು ನಡುವೆ ಒಂದು ಕಾಣದ ಸಂಕೇತ ಇಡುತ್ತೇವೆ. ಒಬ್ಬರು ಇಟ್ಟಿರುತ್ತಾರೆ, ಇನ್ನೊಬ್ಬರು ಜಾಗ ಬಿಟ್ಟಿರುತ್ತಾರೆ, ಮತ್ತೊಬ್ಬರು ಎರಡೆರಡು ಸಲ ಇಟ್ಟಿರುತ್ತಾರೆ. ಪದ ಹುಡುಕುವ ಕಮಾಂಡ್ ಗ್ರೆಪ್‌ನಿಂದ ಹುಡುಕಿದರೆ ಒಂದು ಸಿಕ್ಕರೆ ಇನ್ನೊಂದು ಸಿಗದು. ಎರಡೆರಡು ಸಲ ಇಟ್ಟದ್ದಂತೂ ಕಣ್ಣಿಟ್ಟು ನೋಡಿದರೂ ಕಾಣುವುದಿಲ್ಲ. ನನ್ನ ಫಂಕ್ಷನ್ ಆ ಸಂಕೇತ ಇರುವಲ್ಲೆಲ್ಲ ಕೆಂಪು ಚುಕ್ಕೆ ಇಟ್ಟು ತೋರಿಸುತ್ತದೆ. ಅದರಿಂದ ಎಷ್ಟು ತಪ್ಪುಗಳು ಸಿಕ್ಕಿವೆಯೋ ಲೆಕ್ಕವಿಲ್ಲ.

ಇಂಥವು ಈಗ ಅರವತ್ತರ ಹತ್ತಿರ ಇವೆ. ಇವನ್ನು ಆರ್‌ಸಿ ಫೈಲಿನಲ್ಲಿ ತುಂಬಿಲ್ಲ. ಝಡ್‌ಶೆಲ್‌ನಲ್ಲಿ ಆಟೋಲೋಡ್ ಎಂಬ ಒಳ್ಳೆಯ ಏರ್ಪಾಡಿದೆ. ಒಂದು ಫಂಕ್ಷನ್ನಿಗೆ ಒಂದು ಫೈಲು, ಫೈಲಿನ ಹೆಸರೇ ಫಂಕ್ಷನ್ನಿನ ಹೆಸರು. ಆ ಫೋಲ್ಡರನ್ನು ಎಫ್‌ಪಾತ್‌ಗೆ ಸೇರಿಸಿ ಹೆಸರುಗಳನ್ನು ಹೇಳಿಬಿಟ್ಟರೆ ಸಾಕು. ಶೆಲ್ ಹೆಸರು ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಒಳಗಿನ ಸಾಲುಗಳನ್ನು ಓದುವುದು ಮೊದಲ ಸಲ ಕರೆದಾಗಲೇ. ಅರವತ್ತಿದ್ದರೂ ಆರಿದ್ದರೂ ಟರ್ಮಿನಲ್ ತೆರೆಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಪ್ರತಿ ಫೈಲಿನ ತಲೆಯಲ್ಲಿ ಒಂದು ಸಾಲು ಕನ್ನಡದಲ್ಲಿ ಬರೆದಿಡುತ್ತೇನೆ, ಇದು ಯಾವ ಕೆಲಸಕ್ಕೆ, ಯಾವಾಗ ಹುಟ್ಟಿತು ಎಂದು. ಅವನ್ನು ಓದುತ್ತಾ ಹೋದರೆ ನಾನು ಯಾವ ವರ್ಷ ಯಾವ ಪುಸ್ತಕದ ಜೊತೆ ಗುದ್ದಾಡುತ್ತಿದ್ದೆ ಎಂದು ನೆನಪಾಗುತ್ತದೆ.

ಕಳೆದ ತಿಂಗಳು ಹೊಸ ಲ್ಯಾಪ್‌ಟಾಪ್ ಬಂತು. ಫೋಲ್ಡರ್ ನಕಲು ಮಾಡಿ, ನಾಲ್ಕು ಲಿಂಕ್ ಹಾಕಿದೆ. ಉಳಿದೆರಡು ಇನ್ನೂ ಬೇಕಾಗಿಲ್ಲ. ಟರ್ಮಿನಲ್ ತೆರೆದರೆ ಏನೂ ಮಾತಾಡದೆ ಕರ್ಸರ್ ಮಿನುಗುತ್ತದೆ. ಅಜ್ಜಿಯ ಗಾದೆ ಫೈಲೂ ಬಂದಿದೆ. ಅದಕ್ಕೂ ಈಗ ಗಾದೆ ಎಂಬ ಒಂದು ಫಂಕ್ಷನ್ ಇದೆ, ಕರೆದರೆ ಮಾತ್ರ ಒಂದು ಹೇಳುತ್ತದೆ. ಮೊನ್ನೆ ಅಮ್ಮ ಫೋನಿನಲ್ಲಿ ಮಾತಾಡುತ್ತಾ ಅಜ್ಜಿಯದೇ ಒಂದು ಗಾದೆ ನೆನಪಿಸಿಕೊಂಡರು. ಫೈಲಿನಲ್ಲಿ ಹುಡುಕಿದೆ, ಇರಲಿಲ್ಲ. "ಇನ್ನೊಂದ್ಸಲ ಹೇಳಮ್ಮ, ಬರ್ಕೋತೀನಿ" ಎಂದು ಕೊನೆಯಲ್ಲಿ ಸೇರಿಸಿದೆ. 214ನೆಯದು.